ಗೇಟಿಗೆ ನೇತುಹಾಕಿದ ಸಾರು

ಶೈಲಾ, ಆವತ್ತು ರಘುವಿಗೆ ಜ್ವರ ಬಂದಿರಲಿಲ್ಲ. ಕೆಮ್ಮೂ ಇರಲಿಲ್ಲ. ನೀನು ನಮ್ಮ ಮನೆಗೆ ಬರಬಾರದೆಂದು ನಾನು ಕಟ್ಟಿದ ಸುಳ್ಳು ಅದು. ನಿನ್ನ ತಾಯಿ ತೀರಿಕೊಂಡ ಮರುದಿನ ಹೇಳಿದ ಸುಳ್ಳು.

ಇಷ್ಟು ಬರೆದು ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದು ಬಂದೆ. ಸುಳ್ಳನ್ನು ಒಪ್ಪಿಕೊಳ್ಳುವುದು ಹೇಗೋ ಆಯಿತು. ಅದರ ಕಾರಣ ಹೇಳಬೇಕಲ್ಲ — ನನ್ನ ನಾಚಿಕೆ ಇರುವುದು ಅಲ್ಲಿ.

ಈ ಪರದೇಶದಲ್ಲಿ ಕೊರೊನಾದ ಎರಡನೆಯ ಚಳಿಗಾಲ. ರಘುವಿನ ಕಾರು ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದ ಮೇಲೆ ನಗೋಯಾದ ಫ್ಲ್ಯಾಟ್ ಬಿಟ್ಟು, ಸಬ್‌ವೇ ರೈಲು ಮುಗಿದು ಬಸ್ಸು ಹಿಡಿಯಬೇಕಾದಷ್ಟು ದೂರದ ಹಳೇ ಮರದ ಮನೆಗೆ ಬಂದಿದ್ದೆವು. ಹಿಂದೆ ಇದ್ದವರು ಒಂದು ಕಬ್ಬಿಣದ ಸೌದೆ ಒಲೆ ಬಿಟ್ಟುಹೋಗಿದ್ದರು. ಗಾಜಿನ ಬಾಗಿಲು, ಮಾಡಿನಾಚೆ ಏರುವ ಕರಿ ಚಿಮಣಿ. ಅದನ್ನು ನೋಡಿದ್ದೇ ನನಗೆ ಹುಚ್ಚು ಹಿಡಿಯಿತು. ಗುಡಿಯ ಹಿಂದಿನ ಕಾಡಿನಿಂದ ಪೈನ್ ಕಾಯಿ ಆರಿಸಿ ತಂದೆ. ಟೊಮೇಟೊದಂಥ ಇಲ್ಲಿನ ಕಾಕಿ ಹಣ್ಣು ಸುಲಿದು, ಒಣಗಲೆಂದು ದಾರಕ್ಕೆ ಕಟ್ಟಿ ಕಿಟಕಿಗೆ ಇಳಿಬಿಟ್ಟೆ. ಸೇಬಿನ ಮರದ ಪೆಟ್ಟಿಗೆಗಳು ಕಪಾಟಾದವು, ಒಂದು ದಿಮ್ಮಿ ಮಣೆಯಾಯಿತು. ಇದು ಮನೆಯೋ ಸಿನಿಮಾ ಸೆಟ್ಟೋ ಎಂದು ರಘು ರೇಗಿಸುತ್ತಿದ್ದ. ಹೊರಗೆ ಎಲ್ಲ ಮುಚ್ಚಿದೆ, ಊರಿಗೆ ಹೋಗುವಂತಿಲ್ಲ — ಒಳಗಾದರೂ ಬೆಚ್ಚಗಿರಲಿ ಎಂದು ನಾನು ಅನ್ನುತ್ತಿದ್ದೆ. ಒಳಗೆ ಬೆಚ್ಚಗೆ. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಒಲೆಯ ಪಕ್ಕದ ಕುರ್ಚಿಯ ಮೇಲೆ ಇದ್ದದ್ದು ನಿನ್ನ ಅವ್ವನ ಕೌದಿ. ಕೊರೊನಾಕ್ಕೆ ಮುಂಚೆ ಅವರು ನಿನ್ನನ್ನು ನೋಡಲು ಬಂದಿದ್ದಾಗ ನಾನು ಚಳಿಗೆ ನಡುಗುವುದನ್ನು ಕಂಡು, ಧಾರವಾಡಕ್ಕೆ ಹೋದ ಮೇಲೆ ತಮ್ಮ ಹಳೇ ಇಳಕಲ್ ಸೀರೆಗಳನ್ನು ಹೊಲಿದು ಕಳಿಸಿದ್ದರು. ನಾನು ಹಾಕುತ್ತಿದ್ದ ಫೋಟೋಗಳಲ್ಲಿ ಎಲ್ಲರ ಕಣ್ಣು ಬೀಳುತ್ತಿದ್ದದ್ದು ಅದರ ಮೇಲೆಯೇ. ಎಲ್ಲಿ ಕೊಂಡಿರಿ ಎಂದು ಕೇಳುತ್ತಿದ್ದರು. ನಾನು ಹೆಮ್ಮೆಯಿಂದ ಉತ್ತರಿಸುತ್ತಿದ್ದೆ, ನಾನೇ ಹೊಲಿದವಳ ಹಾಗೆ.

ಚಿಮಣಿ ಶುಚಿ ಮಾಡಿಸಿ ಆ ಭಾನುವಾರ ಮೊದಲ ಬೆಂಕಿ ಹಾಕಬೇಕೆಂದಿದ್ದೆ. ಬಾಡಿಗೆ ಮನೆಯಾದರೇನು, ಹೊಸ ಒಲೆ ಒಲೆಯೇ ಅಲ್ಲವೇ — ಅದರ ಮೇಲೆ ಹಾಲುಕ್ಕಿಸಿ ಪಾಯಸ ಮಾಡುವುದೆಂದು ರಘುವಿನ ಆಫೀಸಿನ ಎರಡು ಕನ್ನಡ ಸಂಸಾರಗಳನ್ನು ಕರೆದಿದ್ದೆ. ಶನಿವಾರ ನಿನ್ನ ಅವ್ವ ಹೋದರು. ನಿನಗೆ ಹೋಗಲು ವಿಮಾನವಿರಲಿಲ್ಲ. ವಿಶ್ವವಿದ್ಯಾಲಯದ ಪಕ್ಕದ ಆ ಒಂಟಿ ಕೋಣೆಯಲ್ಲಿ ಕೂತು, ಅಣ್ಣ ಕೊಳ್ಳಿ ಇಡುವುದನ್ನು ಫೋನಿನಲ್ಲಿ ನೋಡಿದೆ. ಸುದ್ದಿ ಕೇಳಿ ನಾನು ಅತ್ತೆ — ನಿಜವಾಗಿ ಅತ್ತೆ, ನಂಬು. ನಂಬದಿದ್ದರೂ ಸರಿ.

ಭಾನುವಾರ ಬೆಳಿಗ್ಗೆ ನಿನ್ನ ಫೋನು. "ಅಕ್ಕಾ, ಇವತ್ತೊಂದು ದಿನ ನಿಮ್ಮ ಮನಿಗೆ ಬರಲೇನ್ರಿ? ನನಗ ಏನೂ ಮಾಡಬ್ಯಾಡ್ರಿ. ಅವ್ವನ ಕೌದಿ ಹೊತ್ಕೊಂಡು ಒಲಿ ಮುಂದ ಸುಮ್ನ ಕೂಡತೇನಿ."

ನನ್ನ ಕೈಯಲ್ಲಿ ಹಾಲಿನ ಹಿತ್ತಾಳೆ ತಂಬಿಗೆಯಿತ್ತು. ಅರೆಕ್ಷಣ ಕೂಡ ತಡವರಿಸಲಿಲ್ಲ.

"ಬೇಡ ಶೈಲಾ, ರಘುಗೆ ರಾತ್ರಿಯಿಂದ ಜ್ವರ. ಅದೇ ಇರಬೇಕು ಅನ್ಸುತ್ತೆ."

ಆ ಕಾಲದಲ್ಲಿ 'ಅದೇ' ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ನೀನು ಅಯ್ಯೋ ಎಂದೆ. ನಿನ್ನ ದುಃಖ ಬಿಟ್ಟು ನನ್ನನ್ನು ಸಮಾಧಾನ ಮಾಡಿದೆ.

ಮೈಲಿಗೆ, ಮಡಿ ಎಂದು ನಮ್ಮ ಮನೆಯಲ್ಲಿ ಯಾರಾದರೂ ಅಂದರೆ ಅವರನ್ನೇ ಹೊರಗೆ ಕೂರಿಸುತ್ತೇನೆ ಎಂದು ನಿನ್ನೆದುರಿಗೆ ಎಷ್ಟು ಸಲ ಜಂಬ ಕೊಚ್ಚಿದ್ದೇನೆ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಹಾಲುಕ್ಕಿಸುವ ಹೊತ್ತಿಗೆ ಸೂತಕದವಳು ಹೊಸ್ತಿಲು ತುಳಿಯುವುದೇ — ನಿಜವಾಗಿಯೂ ಹೀಗೇ ಅಂದುಕೊಂಡೆ. ನಮ್ಮತ್ತೆ ಫೋನಿನಲ್ಲಿ ಹಾಗೆ ಹೇಳಿದರು ಎಂದು ಬರೆದರೆ ನೀನು ನಂಬುತ್ತೀಯ. ಅವರಿಗೆ ವಿಷಯವೇ ಗೊತ್ತಿರಲಿಲ್ಲ. ನನ್ನ ಸುಳ್ಳು ಅವರ ಮಗ ರಘುವಿಗೂ ಗೊತ್ತಿರಲಿಲ್ಲ. ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ: ಅತ್ತು ಊದಿದ ನಿನ್ನ ಮುಖ ನನ್ನ ಫೋಟೋಗಳಲ್ಲಿ ಬರುವುದು ನನಗೆ ಬೇಕಿರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅನ್ನ ಬೇಯಿಸಿ ಒಯ್ಯುತ್ತಾರೆ. ಮೈಸೂರಿನ ನಮ್ಮ ಬೀದಿಯಲ್ಲಿ ಎಷ್ಟೋ ಸಲ ಅಮ್ಮನ ಹಿಂದೆ ಪಾತ್ರೆ ಹಿಡಿದು ಹೋಗಿದ್ದೇನೆ. ಈ ಊರಿನಲ್ಲಿ ನಿನಗೆ ನೆರೆ ಎಂದರೆ ನಾನೊಬ್ಬಳೇ ಇದ್ದೆ. ನಾನೇ ಅನ್ನ ತರಬೇಕಿತ್ತು.

ಮಧ್ಯಾಹ್ನ. ಹಾಲುಕ್ಕಿತ್ತು, ಎಲ್ಲರೂ ಒಲೆಯ ಸುತ್ತ ಕೂತು ಪಾಯಸ ಕುಡಿಯುತ್ತಿದ್ದರು. ಸೌದೆ ತರಲೆಂದು ಎದ್ದವಳು ಕಿಟಕಿಯಿಂದ ನೋಡಿದರೆ — ಗೇಟಿನ ಹೊರಗೆ ನೀನು. ಮಾಸ್ಕು, ಕಿವಿ ಮುಚ್ಚಿದ ಶಾಲು. ನಾನು ಪರದೆಯ ಹಿಂದೆ ಸರಿದೆ. ಕಳ್ಳಿಯ ಹಾಗೆ, ನನ್ನದೇ ಮನೆಯಲ್ಲಿ. ನೀನು ಗೇಟಿನ ಚಿಲಕಕ್ಕೆ ಒಂದು ಚೀಲ ನೇತುಹಾಕಿದೆ. ತಲೆಯೆತ್ತಿ ಚಿಮಣಿಯ ಹೊಗೆ ನೋಡಿದೆ. ಅಂಗಳದಲ್ಲಿ ಬಂದವರ ಎರಡು ಕಾರುಗಳಿದ್ದವು, ಶೈಲಾ. ಅವನ್ನು ನೋಡಿದೆಯಾ? ಅಷ್ಟು ಹೊತ್ತು ನಿಂತಿದ್ದೆಯಲ್ಲ — ನೋಡದೆ ಹೇಗೆ —

ಆಮೇಲೆ ನಿನ್ನ ಮೆಸೇಜು ಬಂತು: "ಬಾಗಲಾ ತೆಗೀಬ್ಯಾಡ್ರಿ ಅಕ್ಕಾ, ನಾ ಹೊಂಟೆ. ಮೆಣಸಿನ ಸಾರು ಮಾಡೇನಿ, ಬಿಸಿ ಇದ್ದಾಗನ ಅವರಿಗೆ ಕುಡಿಸ್ರಿ."

ಯಾರು ಬಂದದ್ದು ಎಂದು ಒಬ್ಬರು ಕೇಳಿದರು. ಪಾರ್ಸೆಲ್ಲು ಇಟ್ಟು ಹೋದರು ಎಂದೆ.

ಚೀಲದಲ್ಲಿ ಸ್ಟೀಲ್ ಡಬ್ಬಿ, ಕೈಗೆ ಇನ್ನೂ ಬಿಸಿ ತಾಗುತ್ತಿತ್ತು. ಅಷ್ಟು ದೂರದಿಂದ ಬಂದರೂ ಆರದಂತೆ ಟವೆಲ್ಲು ಸುತ್ತಿದ್ದೆ. ಜೊತೆಗೆ ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಪುಟ್ಟ ಆಕ್ಸಿಮೀಟರ್, ಅದರ ರಟ್ಟಿನ ಪೆಟ್ಟಿಗೆ ಬಿಚ್ಚಿರಲಿಲ್ಲ. ಅಂಚೆ ನಿಂತು ಅವ್ವನಿಗೆ ಕಳಿಸಲಾಗಲಿಲ್ಲ ಎಂದು ನೀನು ಒದ್ದಾಡುತ್ತಿದ್ದೆಯಲ್ಲ, ಅದೇ. ಹಚ್ಚಬಾರದ ಒಲೆ ಹಚ್ಚಿ, ಇಲ್ಲದ ಜ್ವರಕ್ಕೆ ಸಾರು ಕಾಸಿ ತಂದಿದ್ದೆ ನೀನು.

ನಾನು ಆ ಸಾರನ್ನು ಸಿಂಕಿಗೆ ಸುರಿದೆ. ಸೂತಕದ ಮನೆಯ ಅಡುಗೆ, ಶುಭದ ದಿನ ಬೇಡ ಎಂದು. ಕೊಳಾಯಿ ಬಿಟ್ಟೆ. ಆಮೇಲೆ ನಿನಗೆ ಬರೆದೆ: ಸಾರು ತುಂಬಾ ಚೆನ್ನಾಗಿತ್ತು, ರಘು ಎರಡು ಲೋಟ ಕುಡಿದ.

ಆವತ್ತಿನ ಫೋಟೋಗಳನ್ನು ಬಚ್ಚಿಟ್ಟು ನಿನ್ನ ಸೂತಕ ಕಳೆದ ಮೇಲೆ ಒಂದನ್ನು ಹಾಕಿದೆ. 'ಅವ್ವನ ಕೌದಿ ಚಂದ ಕಾಣಸ್ತದ' ಎಂದು ಕೆಳಗೆ ಬರೆದೆ ನೀನು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ — ಅದರಲ್ಲಿ ಏನಾದರೂ ಚುಚ್ಚಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಆಮೇಲೂ ನೀನು ಬಂದೆ, ಒಲೆಯ ಮುಂದೆ ಕೂತೆ, ರಘುವಿನ ಆರೋಗ್ಯ ವಿಚಾರಿಸಿದೆ. ನಾನೇ ಕೌದಿ ಹೊದಿಸಲು ಹೋದಾಗ ಬ್ಯಾಡ್ರಿ ಅಕ್ಕಾ ಎಂದೆ. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಈಗ ನೀನು ಬೇರೆ ಊರಿನ ಸಂಶೋಧನಾಲಯದಲ್ಲಿದ್ದೀಯ. ಹೋದ ಚಳಿಗಾಲ ನಾನು ಒಲೆ ಹಚ್ಚಲಿಲ್ಲ. ಪ್ರಾಯಶ್ಚಿತ್ತ ಎಂದುಕೊಂಡೆ. ತಣ್ಣನೆಯ ಒಲೆಯ ಮುಂದೆ ಕೂತು ಒಂದು ದಿನ ಹೊಳೆಯಿತು, ಇದೂ ಅಲಂಕಾರವೇ. ನಿನಗೆ ಇದರಿಂದ ಏನು ಬಂತು?

ಕೌದಿಯನ್ನು ಒಗೆದು ಮಡಿಸಿಟ್ಟಿದ್ದೇನೆ. ಆಕ್ಸಿಮೀಟರೂ ಅದರ ಜೊತೆಗಿದೆ, ಪೆಟ್ಟಿಗೆ ಇವತ್ತಿಗೂ ಬಿಚ್ಚಿಲ್ಲ. ಮುಂದಿನ ಭಾನುವಾರ ತರುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ, ನಿನ್ನದನ್ನು ನಿನಗೆ ಒಪ್ಪಿಸಲು ಬರುತ್ತಿದ್ದೇನೆ. ನಾನು ಬೆಲ್ಲು ಒತ್ತಿದಾಗ ನೀನು ಒಳಗಿದ್ದೂ ಬಾಗಿಲು ತೆಗೆಯದಿರಬಹುದು. ಹಾಗಾದರೆ ಜ್ವರ, ಕೆಮ್ಮು ಎಂದು ಏನೂ ಹೇಳಬೇಡ. ಹಿಡಿಕೆಗೆ ನೇತುಹಾಕಿ ಹೋಗುತ್ತೇನೆ.