ಗಂಗವ್ವ ಕಡ ಕೊಟ್ಟ ಸಿಟ್ಟು

ನನಗಾಗ ಹದಿನಾರು. ಆ ಮಾತಿಗೆ ಅರವತ್ತು ವರ್ಷವಾಯಿತು. ನಿಜಾಮನ ಕಾಲ. ಕಮಲಾಪುರದ ನಮ್ಮ ಓಣಿಯ ಹೆಣ್ಣುಮಕ್ಕಳು ಹಾಲಿಗೆ ಹೆಪ್ಪು ಕೇಳಿದ ಹಾಗೆ ಗಂಗವ್ವನ ಹತ್ತಿರ ಸಿಟ್ಟು ಕಡ ಕೇಳುತ್ತಿದ್ದರು. ಅತ್ತೆಗಾಗಲಿ ಗಂಡನಿಗಾಗಲಿ ನಾವು ಎದುರಾಡುವಂತಿರಲಿಲ್ಲ. ನಮ್ಮ ಪರವಾಗಿ ಆಕೆ ಹೋಗಿ ಬೈದು ಬರುತ್ತಿದ್ದಳು.

ಗಟ್ಟಿ ಮುದುಕಿ. ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಸ್ಟೇಶನ್ ಬಜಾರಕ್ಕೆ ಒಯ್ದು ಮಾರುವವಳು. ಯಾರಾದರೂ ಹಣ್ಣು ಹಿಚುಕಿ ನೋಡಿದರೆ, "ಸಾಹೇಬ್ರ, ಹಣ್ಣು ತಾಳಿಕೊಂತದ, ನಾ ತಾಳಂಗಿಲ್ಲ" ಎನ್ನುತ್ತಿದ್ದಳು.

ಬೈಯಲು ಹೊರಡುವ ಮೊದಲು ಒಂದು ಮಾತು ಕೇಳುವಳು: "ಸಿಟ್ಟು ಎಲ್ಲಿತನಕ ಬಂದದ? ಮೂಗಿನ ತುದಿಗೋ, ನೆತ್ತಿಗೋ?" ಮೂಗಿನ ತುದಿಯದಾದರೆ ಓಣಿಯಲ್ಲೇ ನಿಂತು ನಾಲ್ಕು ಮಾತು. ಮೈ ಉರಿದಿದ್ದರೆ ಅಂಗಳಕ್ಕೆ ಹೋಗಿ. ಪಿತ್ತ ನೆತ್ತಿಗೇರಿದ್ದರೆ ಮಾತ್ರ ಒಳಗೆ ಹೋಗಿ ಕೂತು, ಅವರ ಮನೆಯದೇ ನೀರು ಕೇಳಿ ಕುಡಿದು, ಆಮೇಲೆ ಶುರು ಮಾಡುತ್ತಿದ್ದಳು.

ನನ್ನ ಗಂಡ ಕಲಬುರಗಿಯಲ್ಲಿ ಹಮಾಲಿ. ನಮ್ಮ ಪಾಲಿನ ಬಾಳೆ ನಾನೇ ನೋಡಬೇಕು. ಬಾವಿಯ ನೀರು ನಮ್ಮ ಪಾಲಿಗೂ ಗಂಡನ ಅಣ್ಣನ ಪಾಲಿಗೂ ಪಾಳಿಯ ಮೇಲೆ. ನನ್ನ ಪಾಳಿಯನ್ನೂ ಭಾವ ತನ್ನ ತೋಟಕ್ಕೇ ತಿರುಗಿಸಿಕೊಂಡ. ಗೊನೆ ಬಿಟ್ಟ ಗಿಡಗಳು ಬಾಡತೊಡಗಿದವು. ಭಾವನ ಮುಂದೆ ಮಾತಾಡುವುದಿರಲಿ, ಮುಖ ತೋರಿಸುವಂತಿರಲಿಲ್ಲ. ಗಂಗವ್ವ ಹೋಗಿ ಬೈದಳು. ನೀರು ಬಂತು. ಮುಂದಿನ ಪಾಳಿಗೆ ಮತ್ತೆ ನಿಂತಿತು.

ಮತ್ತೆ ಆಕೆಯ ಮನೆಗೆ ಓಡಿದೆ. ವಯಸ್ಸಿಗೆ ಆಕೆಯ ಮೊಣಕಾಲು ಸೋತಿದ್ದವು; ಇನ್ನು ಕಲಬುರಗಿಯ ಮಗಳ ಮನೆಯಲ್ಲೇ ಇರಲೆಂದು ಗಂಟು ಕಟ್ಟುತ್ತಿದ್ದಳು.

"ಇನ್ನೊಂದ್ಸಲ ಬೈದು ಹೋಗ್ರಿ ಯವ್ವಾ. ನಾಳಿ ನನ್ನ ಪಾಳಿ. ನನಗ ನೆತ್ತಿಗೇರ್ಯಾದ."

"ನೆತ್ತಿಗೇರಿದಾಕಿ ಹಿಂಗ ಸೆರಗು ಕಚ್ಚಕೊಂಡು ನಿಂದರ್ತಾಳೇನು? ನಾ ಬೈದ್ರ ಅಂವ ನನಗ ಅಂಜ್ತಾನ. ನಾ ಹೋದ ಮ್ಯಾಲ ಯಾರಿಗಿ ಅಂಜಬೇಕು? ನಡಿ, ಈ ಗಂಟು ಬಂಡ್ಯಾಗ ಇಡು."

ಇಟ್ಟೆ. ಬಂಡಿ ಹೋಯಿತು. ಆಕೆ ತಿರುಗಿ ನೋಡಲಿಲ್ಲ, ನಾನು ಅಳಲಿಲ್ಲ. ಅಲ್ಲಿಯೇ ತೀರಿಕೊಂಡಳೆಂದು ಎಷ್ಟೋ ದಿನದ ಮೇಲೆ ಕೇಳಿದೆ.

ಬಂಡಿ ಹೋದ ಮರುದಿನ ಬೆಳಿಗ್ಗೆ ಬಾವಿಗೆ ಹೋದೆ. ನೀರು ಭಾವನ ತೋಟಕ್ಕೇ ಹರಿಯುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆಯಿಂದ ಅವನ ಕಾಲುವೆಗೆ ಮಣ್ಣು ಹಾಕಿ ನನ್ನದು ಬಿಚ್ಚಿದೆ. ನೀರು ನಿಂತದ್ದು ಕಂಡು ಭಾವ ಓಡಿ ಬಂದ. ಬಾವಿಕಟ್ಟೆಯ ಮೇಲೆ ಕೂತು, "ಭಾವಾ, ಒಂದು ತಂಬಿಗಿ ನೀರು ಕೊಡ್ರಿ" ಅಂದೆ.

ಬೆಪ್ಪಾಗಿ ಕೊಟ್ಟ. ಕುಡಿದೆ. ಆಮೇಲೆ ಶುರು ಮಾಡಿದೆ.