ಅತ್ತೆಯ ಎಡಗಣ್ಣು ಮತ್ತು ನಲ್ಲಿಯ ಜಗಳ

ಬೂದಿಕೋಟೆಯಿಂದ ಚಿನ್ನದ ಗಣಿಯ ಊರಿಗೆ, ಮೈಸೂರು ಮೈನ್ಸ್‌ನ ಲೈನ್ ಮನೆಗೆ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಯಜಮಾನರು ಹೇಳಿಕೊಟ್ಟ ಬುದ್ಧಿಮಾತು ಒಂದೇ: "ಅಮ್ಮ ನಲ್ಲಿ ತಾವ ಇದ್ದಾಗ ನೀನು ಮಧ್ಯಕ್ಕೆ ಓಗಬ್ಯಾಡ." ಸಾಲುಮನೆಗಳಿಗೆಲ್ಲ ಸೇರಿ ಬೀದಿಯ ಕೊನೆಯಲ್ಲಿ ಒಂದೇ ಒಂದು ನಲ್ಲಿ. ನೀರು ಬಿಡುವ ಮುಂಚೆಯೇ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆಲಸಕ್ಕೆ ಹೋಗಿಬಿಡುತ್ತಿದ್ದರು. ಮನುಷ್ಯರ ಬದಲು ಕೊಡಗಳೇ ನಿಂತು ಕಾಯುತ್ತಿದ್ದವು. ಯಾರ ಕೊಡ ಎಲ್ಲಿದೆಯೋ ಅದೇ ಅವರ ಸರದಿ. ಆ ಸಾಲಿಗೆ ನಮ್ಮತ್ತೆಯೇ ಪೊಲೀಸು, ಅವರೇ ಜಡ್ಜು. ನಲ್ಲಿ ಪಕ್ಕದ ಕಲ್ಲಿನ ಮೇಲೆ ಕುತ್ತಿಗೆಗೆ ಮಫ್ಲರ್ ಬಿಗಿದು ಕೂತುಬಿಟ್ಟರೆ ಒಂದು ಕೊಡವೂ ಅಲ್ಲಾಡುವ ಹಾಗಿರಲಿಲ್ಲ.

ಅಲ್ಲಾಡಿಸುವುದೇ ಎದುರುಮನೆಯಾಕೆಯ ಕೆಲಸ. ತಮಿಳಿನವಳು. ಅತ್ತೆಗಿಂತ ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವಳು, ಬಾಯಿಯಲ್ಲಿ ಸರಿಸಮ. ಕಾಲಿನ ಹೆಬ್ಬೆರಳಿನಿಂದ ತನ್ನ ಕೊಡವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ತನಗೇನೂ ಗೊತ್ತಿಲ್ಲದವಳ ಹಾಗೆ ಆಕಾಶ ನೋಡುತ್ತಾ ನಿಲ್ಲುತ್ತಿದ್ದಳು. ಆಮೇಲೆ ನೋಡಬೇಕಿತ್ತು! ಅತ್ತೆ ಕನ್ನಡದಲ್ಲಿ ಶುರು ಮಾಡಿ, ತೆಲುಗಿಗೆ ಹೊರಳಿ, ಸಿಟ್ಟು ನೆತ್ತಿಗೇರಿದಾಗ ತಮಿಳಿಗೆ ಬರುತ್ತಿದ್ದರು. ಆಕೆ ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ಬೈಗುಳ ಎದುರಿನವರಿಗೆ ಸರಿಯಾಗಿ ಅರ್ಥವಾಗಬೇಕಲ್ಲ, ಅದಕ್ಕೆ.

ಇಂಥವಳು ಒಂದು ದಿನ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಅತ್ತೆ ಅಂಗಡಿಗೆ ಹೋಗಿದ್ದರು. ಜಗಳ ಮನೆಗೇ ಬಂತಲ್ಲಪ್ಪಾ ಅಂದುಕೊಂಡೆ ನಾನು. ನೋಡಿದರೆ ಆಕೆಯ ಕಣ್ಣಲ್ಲಿ ನೀರು.

"ನಿಮ್ಮತ್ತೆಗೆ ಏನೋ ಆಗಿದೆ ಕಣಮ್ಮಾ. ಮೊನ್ನೆ ಎಡಗಡೆಯಿಂದ ಕೊಡ ತಳ್ಳಿದೆ, ಬೈಲಿಲ್ಲ. ನೆನ್ನೆ ತಳ್ಳಿದೆ, ಬೈಲಿಲ್ಲ. ಇವತ್ತು ಆಯಮ್ಮನ ಕೊಡಾನೇ ಎತ್ತಿ ಹಿಂದಕ್ಕಿಟ್ಟೆ. ಸುಮ್ನೆ ಕೂತವ್ರೆ! ಅಯ್ಯೋ, ಆ ಕಣ್ಣು ಕಾಣಿಸ್ತಾ ಇಲ್ಲಮ್ಮಾ!"

ನಾನು ಮೊದಲು ನಕ್ಕೆ. ಆದರೂ ಮನಸ್ಸು ತಡೆಯಲಿಲ್ಲ. ಅತ್ತೆ ಬಂದು ಕೂತಾಗ ಎಡಗಡೆಯಿಂದ ಹೋಗಿ ಕಿವಿಯ ಪಕ್ಕ ಒಂದು ಚಕ್ಕುಲಿ ಹಿಡಿದೆ. ಚಕ್ಕುಲಿ ಅಂದರೆ ಜೀವ ಬಿಡುವ ಅತ್ತೆ ತಿರುಗಲೇ ಇಲ್ಲ, ಅಕ್ಕಿ ಆರಿಸುತ್ತಲೇ ಇದ್ದರು. ನನ್ನ ನಗು ಅಲ್ಲಿಗೆ ನಿಂತುಹೋಯಿತು.

ರೈಲು ಹತ್ತಿ ಬಂಗಾರಪೇಟೆಗೆ ಹೋದೆವು. ಸ್ಟೇಷನ್ ಹತ್ತಿರ ಕೂರುತ್ತಿದ್ದ ಕಣ್ಣಿನ ಡಾಕ್ಟರು ಅತ್ತೆಗೆ ಕೆಳಗೆ ನೋಡಲು ಹೇಳಿ, ರೆಪ್ಪೆಯ ಮೇಲೆ ಎರಡೂ ತೋರುಬೆರಳಿಟ್ಟು ಒಂದಾದ ಮೇಲೊಂದು ಮೆಲ್ಲಗೆ ಒತ್ತಿದರು. "ಎಡಗಣ್ಣು ಕಲ್ಲಾಗಿದೆಯಲ್ಲಮ್ಮಾ" ಅಂದರು. ಕಣ್ಣೊಳಗೆ ನೀರು ಊರುತ್ತಲೇ ಇರುತ್ತದಂತೆ, ಹರಿದು ಹೋಗುತ್ತಲೂ ಇರಬೇಕಂತೆ. ಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ದೃಷ್ಟಿಯನ್ನು ಅಂಚಿನಿಂದ ತಿಂದುಹಾಕುತ್ತದಂತೆ.

"ಮೋರಿ ಕಟ್ಕಂಡದೆ ಅನ್ನಿ" ಅಂದರು ಅತ್ತೆ.

"ಹಾಗೇ ಅಂದ್ಕೊಳ್ಳಿ. ಎಡಗಣ್ಣಲ್ಲಿ ಹೋಗಿರೋದು ಇನ್ನು ಬರಲ್ಲ. ಉಳಿದಿರೋದನ್ನ ಉಳಿಸ್ಕೋಬೇಕು. ಔಷಧಿ ಬಿಟ್ಟು ನೋಡೋಣ. ಒತ್ತಡ ಇಳೀಲಿಲ್ಲ ಅಂದ್ರೆ ಬೆಂಗಳೂರಿಗೆ ಹೋಗಿ ಆಪರೇಶನ್ ಮಾಡಿಸ್ಬೇಕಾಗತ್ತೆ."

"ಕಣ್ಗೆ ಕತ್ತಿ ಆಕಿಸ್ಕಣಾ ಬದ್ಲು ಬಾವಿಗೆ ಬೀಳ್ತೀನಿ!"

"ಬಾವಿಯೊಳಗೆ ಬಗ್ಗಿ ನೋಡೋ ಹಾಗೂ ಇಲ್ಲ" ಅಂದರು ಡಾಕ್ಟರು. ತಲೆ ಬಗ್ಗಿಸಬಾರದು. ಭಾರ ಎತ್ತಬಾರದು. ನೀರನ್ನು ಒಂದೇ ಸಲ ಗಟಗಟ ಕುಡಿಯದೆ ಸ್ವಲ್ಪ ಸ್ವಲ್ಪ ಕುಡಿಯಬೇಕು. ಕುತ್ತಿಗೆಗೆ ಬಿಗಿಯಾಗಿ ಏನೂ ಸುತ್ತಬಾರದು. ದಿನಾ ನಡೆಯಬೇಕು. ತಲೆ ಎತ್ತರದಲ್ಲಿಟ್ಟು ಮಲಗಬೇಕು. ಉಸಿರು ಬಿಗಿಹಿಡಿದು ಕಿರುಚಬಾರದು.

ಉಳಿದದ್ದಕ್ಕೆಲ್ಲ ತಲೆಯಾಡಿಸಿದ ಅತ್ತೆ ಕೊನೆಯದಕ್ಕೆ ಮಾತ್ರ ಮುಖ ಚಿಕ್ಕದು ಮಾಡಿಕೊಂಡರು. ಪಾಪ, ಅಷ್ಟು ದೊಡ್ಡ ಹೆಂಗಸು ಮಗುವಿನ ಹಾಗೆ ಕಂಡರು ನನಗೆ.

ಬಂಗಾರಪೇಟೆ ಸಂತೆಯಲ್ಲಿ ಆ ಮಗುವೇ ನನ್ನ ಮಾನ ಕಳೆಯಿತು. ಟೊಮೇಟೊ ರಾಶಿಯ ಮುಂದೆ ನಿಂತು, ಡಾಕ್ಟರ ಹಾಗೆಯೇ ಎರಡು ಬೆರಳಿಟ್ಟು ಒಂದೊಂದನ್ನೇ ಒತ್ತುವುದು, ಗಟ್ಟಿಯಿದ್ದರೆ "ಇದು ನನ್ ಕಣ್ಣು", ಮೆತ್ತಗಿದ್ದರೆ ನನ್ನ ಕಡೆ ತಿರುಗಿ "ಇದು ನಿನ್ ಕಣ್ಣು" ಅನ್ನುವುದು. ಅಂಗಡಿಯವನು, "ಅಮ್ಮಾ, ತಗೊಳ್ಳೋದಿದ್ರೆ ತಗೊಳ್ಳಿ, ಕುಟ್ಟಿ ಚಟ್ನಿ ಮಾಡ್ಬೇಡಿ" ಅಂದ. ಬೈಯಲು ಅತ್ತೆ ಬಾಯಿ ತೆರೆದರು. ಕಿರುಚಬಾರದೆಂದು ನೆನಪಾಗಿ ಮುಚ್ಚಿಕೊಂಡರು.

ಮನೆಗೆ ಬಂದಮೇಲೆ ನಮ್ಮ ಯಜಮಾನರು ತಮ್ಮ ಬುದ್ಧಿವಂತಿಕೆ ತೋರಿಸಿದರು. ಗಣಿಯಾಳದಲ್ಲಿ ಬಂಡೆ ಒತ್ತಡ ತಡೆಯಲಾರದೆ ಸಿಡಿಯುವುದನ್ನು ನಮ್ಮೂರಲ್ಲಿ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಆದಾಗಲೆಲ್ಲ ಮೇಲೆ ಮನೆಯ ಪಾತ್ರೆಗಳೂ ಗಡಗಡ ಅಲ್ಲಾಡುತ್ತಿದ್ದವು. ಈ ಮಹಾನುಭಾವರು, "ಅಮ್ಮನ ಕಣ್ಣಾಗೂ ಅದೇ ಕತೆ" ಅಂದುಬಿಟ್ಟರು. ಸುದ್ದಿ ಬೀದಿಯೆಲ್ಲ ಹಬ್ಬಿತು. ಮಾರನೆಯ ದಿನ ನಲ್ಲಿ ಹತ್ತಿರ ಅತ್ತೆಯ ಎದುರಿಗೆ ಯಾರೂ ನಿಲ್ಲಲೊಲ್ಲರು! ಹೆಂಗಸರೆಲ್ಲ ಅವರ ಬೆನ್ನ ಹಿಂದೆ ಗುಂಪು ಕಟ್ಟಿದರು. ಒಬ್ಬಾಕೆಯಂತೂ ಕಂಕುಳ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಅತ್ತೆಗೂ ಅದೇ ಭಯ ಹತ್ತಿಕೊಂಡಿತು. ಸೀನು ಬಂದರೆ ಎರಡೂ ಕೈಯಿಂದ ಕಣ್ಣು ಹಿಡಿದುಕೊಳ್ಳುತ್ತಿದ್ದರು.

ನಿಯಮಗಳು ಶುರುವಾದವು. ಮಂಚದ ತಲೆಕಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟೆವು. ಅತ್ತೆ ಬೆಳಿಗ್ಗೆ ಏಳುವಷ್ಟರಲ್ಲಿ ಜಾರಿ ಜಾರಿ ಮಂಚದ ಕಾಲುಕಡೆ ಮುದ್ದೆಯಾಗಿರುತ್ತಿದ್ದರು. ಒಲೆ ಊದುವ ಹಾಗಿಲ್ಲ, ರಂಗೋಲಿಗೆ ಬಗ್ಗುವ ಹಾಗಿಲ್ಲ. ನಾನು ಬಗ್ಗಿ ಚುಕ್ಕಿ ಇಡುತ್ತಿದ್ದೆ, ಅವರು ಕಂಬದ ಹಾಗೆ ನೆಟ್ಟಗೆ ನಿಂತು "ಅಲ್ಲಲ್ಲ, ಈಕಡೀಕೆ, ನಿಮ್ಮವ್ವ ಇದ್ನೇ ಕಲಿಸಿದ್ದಾ?" ಅನ್ನುತ್ತಿದ್ದರು. ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದು ಅವರ ಒಳ್ಳೆಯದಕ್ಕೋ ನನ್ನ ಶಿಕ್ಷೆಗೋ ಅನ್ನುವ ಹಾಗಾಯಿತು.

ಕಷ್ಟವೆಲ್ಲ ಇದ್ದದ್ದು ಔಷಧಿಯಲ್ಲಿ. ಗಾಜಿನ ಸೀಸೆ, ಪೆನ್ನಿಗೆ ಇಂಕು ತುಂಬುವ ಫಿಲ್ಲರಿನಂಥದ್ದು ಒಂದು. ಕಣ್ಣಿಗೆ ಬಿಟ್ಟರೆ ಹುಬ್ಬು ನೋಯುತ್ತಿತ್ತು, ನಡುಮಧ್ಯಾಹ್ನವೇ ಸಂಜೆಯಾದ ಹಾಗೆ ಮಬ್ಬಾಗುತ್ತಿತ್ತು. ಹಾಗಾಗಿ ನಾನು ಹತ್ತಿರ ಹೋದರೆ ಸಾಕು, ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಬಿಡುತ್ತಿದ್ದರು. ನಾನು ಬಿಟ್ಟದ್ದು ಕಿವಿಗೆ ಹೋಯಿತು, ಮೂಗಿಗೆ ಹೋಯಿತು. ಗಣಿಯಲ್ಲಿ ಬಂಡೆ ಕೊರೆಯುವ ನಮ್ಮ ಯಜಮಾನರ ಕೈಗೆ ಕೊಟ್ಟರೆ ಇಡೀ ಮುಖ ತೊಳೆದರು. ಔಷಧಿ ಖಾಲಿಯಾಗುತ್ತಿತ್ತು, ಕಣ್ಣಿಗೆ ಮಾತ್ರ ಸೇರುತ್ತಿರಲಿಲ್ಲ. ಬೆಂಗಳೂರಿನ ಕತ್ತಿ ಹತ್ತಿರವಾಗುತ್ತಿತ್ತು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆ ಅಳು ಎದುರುಮನೆಗೆ ಕೇಳಿಸಿತೋ ಏನೋ. ಆಕೆ ಸೀದಾ ಒಳಗೆ ಬಂದಳು, ಚಾಪೆಯ ಮೇಲೆ ಕಾಲು ಚಾಚಿ ಕೂತಳು, ತೊಡೆ ತಟ್ಟಿದಳು. "ಬಾ ಅಕ್ಕಾ, ತಲೆ ಇಡು."

"ನಿನ್ ತೊಡೆ ಮ್ಯಾಲಾ? ಸತ್ರೂ ಇಡಾಕಿಲ್ಲ!"

"ಸತ್ತಮೇಲೆ ಇಟ್ರೆ ನನಗೇನು ಲಾಭ? ಈಗಿಡು."

ಅತ್ತೆ ಇಟ್ಟರು. ಯಾಕೆ ಇಟ್ಟರೋ ದೇವರಿಗೇ ಗೊತ್ತು. ಆಕೆ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಜಗ್ಗಿ ತೊಟ್ಟು ಬಿಟ್ಟಳು. ಗುರಿ ತಪ್ಪಲಿಲ್ಲ. ಔಷಧಿ ಬಿಟ್ಟಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಅಲ್ಲಾಡದೆ ಇರಬೇಕಿತ್ತು. ಆ ಹೊತ್ತಿಗೇ ಕಾದಿದ್ದವಳ ಹಾಗೆ ಆಕೆ ಶುರು ಮಾಡಿದಳು ನೋಡಿ! ವರ್ಷಾನುಗಟ್ಟಲೆ ಬಾಕಿ ಉಳಿದಿದ್ದ ಬೈಗುಳವೆಲ್ಲ ಹೊರಗೆ ಬಂತು. ಕೊಡದ ವಿಷಯ, ಕೋಳಿಯ ವಿಷಯ, ತನ್ನ ಮಗಳ ಮದುವೆಯಲ್ಲಿ ಅತ್ತೆ ಸಾರು ಸಪ್ಪೆ ಅಂದ ವಿಷಯ. ಅತ್ತೆ ಬಾಯಿ ಬಿಡುವ ಹಾಗಿಲ್ಲ, ಏಳುವ ಹಾಗಿಲ್ಲ. ಕಾಲಿನ ಬೆರಳುಗಳು ಮಾತ್ರ ಸಿಟ್ಟಿಗೆ ಕುಣಿಯುತ್ತಿದ್ದವು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹೊರಗೋಡಿದೆ.

ದಿನಾ ಇದೇ ನಡೆಯಿತು. ಆಕೆ ಬರುವ ಹೊತ್ತಿಗೆ ಅತ್ತೆ ತಾವೇ ಚಾಪೆ ಹಾಸಿರುತ್ತಿದ್ದರು. ಒಂದು ದಿನ ಆಕೆ ಬೈಯದೆ ಸುಮ್ಮನೆ ಔಷಧಿ ಬಿಟ್ಟಳು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಯಾಕೆ, ಮೈಗೆ ಉಸಾರಿಲ್ವಾ?" ಅಂತ ಮೆಲ್ಲಗೆ ಕೇಳಿದರು.

ಸೀಸೆ ಮುಗಿಯುವ ಹೊತ್ತಿಗೆ ಮತ್ತೆ ಬಂಗಾರಪೇಟೆಗೆ ಹೊರಟೆವು. ಈ ಸಲ ಆಕೆಯೂ ರೈಲು ಹತ್ತಿದಳು. ಯಾರೂ ಕರೆದಿರಲಿಲ್ಲ. ಡಾಕ್ಟರು ರೆಪ್ಪೆಯ ಮೇಲೆ ಬೆರಳಿಟ್ಟಾಗ ಅತ್ತೆ ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಆಕೆಯ ಕೈ ಹಿಡಿದಿದ್ದರು. ನನ್ನ ಬಳೆ ಒಡೆಯಿತು.

"ಮೆತ್ತಗಾಗಿದೆ" ಅಂದರು ಡಾಕ್ಟರು. "ಆಪರೇಶನ್ ಈಗ ಬೇಡ. ಔಷಧಿ ಮಾತ್ರ ನಿಲ್ಲಿಸಬೇಡಿ. ಹೋದ ದೃಷ್ಟಿ ಹೋಯಿತು, ಎಡಗಡೆಯದು ನಿಮಗೆ ಕಾಣಲ್ಲ. ಉಳಿದದ್ದು ಇರುತ್ತೆ."

ಅತ್ತೆ ಕೇಳಿದ್ದು ಒಂದೇ ಮಾತು. "ಸ್ವಾಮಿ, ಬೈಬೋದಾ?"

"ಕಿರುಚದೆ, ಸ್ವಲ್ಪ ಸ್ವಲ್ಪ."

ಮಾರನೆಯ ಬೆಳಿಗ್ಗೆ ನಲ್ಲಿ ಹತ್ತಿರ ಅತ್ತೆ ಕಲ್ಲಿನ ಮೇಲೆ ಕೂತಿದ್ದರು, ಕುತ್ತಿಗೆಯಲ್ಲಿ ಮಫ್ಲರ್ ಇರಲಿಲ್ಲ. ಎದುರುಮನೆಯಾಕೆ ಬಂದಳು. ಅವಳ ಕೊಡ ಇದ್ದದ್ದು ಅತ್ತೆಯ ಎಡಕ್ಕೆ. ಅಲ್ಲಿಂದಲೇ ತಳ್ಳಿದ್ದರೆ ಬೀದಿಯಲ್ಲಿ ಕೇಳುವವರಿರಲಿಲ್ಲ, ಅತ್ತೆಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಆಕೆ ಕೊಡವನ್ನು ಎತ್ತಿಕೊಂಡಳು. ಇಡೀ ಸಾಲನ್ನು ಸುತ್ತುಹಾಕಿ ಬಂದಳು. ಅತ್ತೆಯ ಬಲಗಡೆ, ಕಣ್ಣಿಗೆ ಚೆನ್ನಾಗಿ ಕಾಣುವ ಕಡೆ ಇಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ, ಆಕಾಶ ನೋಡುತ್ತಾ ನಿಂತಳು.

"ಲೇ, ಕಳ್ಳೀ!" ಅಂದರು ಅತ್ತೆ, ಸಣ್ಣ ದನಿಯಲ್ಲಿ.

ಆಮೇಲೆ ಎಷ್ಟೋ ವರ್ಷ ಅವರಿಬ್ಬರೂ ಜಗಳವಾಡಿದರು. ಆಕೆ ಒಂದು ದಿನವೂ ಎಡಗಡೆಯಿಂದ ಮೋಸ ಮಾಡಲಿಲ್ಲ.