ಮಲಾಡ್‌ನ ಗಾಜಿನ ಕೋಣೆಯಲ್ಲಿ ಒದರಿದ್ದು

ಮುಂಬೈಗೆ ಬಂದ ಮೊದಲ ದಿನವೇ ನನಗೆ ಶಾಲು ಹೊದಿಸಿದರು. ಸನ್ಮಾನಕ್ಕಲ್ಲ, ಎಸಿಯ ಚಳಿಗೆ. ಮಲಾಡ್‌ನ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಟಿವಿಯೆದುರು ಕೂತು, ಸಮುದ್ರದಾಚೆ ನಡೆಯುತ್ತಿದ್ದ ಪಂದ್ಯಕ್ಕೆ ಕನ್ನಡದಲ್ಲಿ ಕಾಮೆಂಟರಿ ಹೇಳಬೇಕಿತ್ತು. ಅಲ್ಲೇ ಮೈದಾನದಲ್ಲಿ ನಿಂತವನಂತೆ ‘ಗಾಳಿ ಜೋರಾಗಿದೆ’ ಎನ್ನಬೇಕಂತೆ. ಎಂಥ ಸುಳ್ಳಪ್ಪಾ ಇದು ಎನಿಸಿತು. ದೇಶಕ್ಕೆ ಆಡಿದವನು ನಾನು. ನಾಲ್ಕೇ ಪಂದ್ಯ, ಇರಲಿ.

ಹುಬ್ಬಳ್ಳಿಯಲ್ಲಿ ನಾನು ನಡೆಸುತ್ತಿದ್ದ ಕೋಚಿಂಗ್ ಶಿಬಿರ ಮುಚ್ಚಿತ್ತು, ಮೊಣಕಾಲು ಕೆಟ್ಟಿತ್ತು. ಉಳಿದದ್ದು ಇದೊಂದೇ ದಾರಿ, ಅದೂ ಒಂದು ಸೀಸನ್ನಿಗೆ. ಚಾನೆಲ್‌ನವರು ಮುಂದುವರಿಸದಿದ್ದರೆ ಏನು ಮಾಡುವುದೋ ಗೊತ್ತಿರಲಿಲ್ಲ.

ಬಾಡಿಗೆ ಮನೆ ಕೇಳಲು ಹೋದರೆ ಸೊಸೈಟಿಯ ಕಾರ್ಯದರ್ಶಿ ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ ಎಂದ. ಐವತ್ತಮೂರು ವರ್ಷ, ಹೆಂಡತಿ ತೀರಿಹೋಗಿದ್ದಾಳೆ, ನಾನು ಬ್ಯಾಚುಲರ್! ಮೂರನೇ ಸೊಸೈಟಿಯಲ್ಲಿ ಒಂದು ಕೋಣೆ ಸಿಕ್ಕಿತು. ಉಡುಪಿ ಕಡೆಯವರ ಹೋಟೆಲಿನಲ್ಲಿ ಕನ್ನಡವೇನೋ ಸಿಕ್ಕಿತು, ಆದರೆ ಸಾಂಬಾರಿಗೂ ಬೆಲ್ಲ. ನಮ್ಮ ಹುಬ್ಬಳ್ಳಿಯಲ್ಲಿ ಗುರುತಿಲ್ಲದವನೂ ‘ಊಟ ಆತ್ರೀ?’ ಎನ್ನುತ್ತಾನೆ. ಇಲ್ಲಿ ಎದುರುಮನೆಯವನಿಗೆ ನಾನು ಬರೀ ಫ್ಲ್ಯಾಟ್ ನಂಬರು. ಎಷ್ಟೋ ಭಾನುವಾರ ಯಾರೊಂದಿಗೂ ಮಾತಾಡದೆ ಮಲಗಿದ್ದೇನೆ.

ನಮ್ಮ ಪ್ರೊಡ್ಯೂಸರ್ ಪ್ರಜ್ಞಾ ಚೆಂಬೂರಿನಲ್ಲೇ ಹುಟ್ಟಿದವಳು, ಅವಳ ಕನ್ನಡದಲ್ಲಿ ಅರ್ಧ ಹಿಂದಿ. ನನ್ನ ‘ಹೊಡದಾನ್ರೀ’ ಬೇಡ, ‘ಹೊಡೆದರು’ ಸಾಕು ಎಂದು ತಿದ್ದುತ್ತಿದ್ದಳು. ನಾನು ಮೌನವಾದರೆ ‘ಖಾಲಿಪೀಲಿ ಸುಮ್ನೆ ಇರ್ಬೇಡಿ’ ಎಂದು ಹೆಡ್‌ಫೋನಿನಲ್ಲಿ ಗದರುತ್ತಿದ್ದಳು. ಖಾಲಿಪೀಲಿ ಎಂದರೆ ಇಲ್ಲಿ ವಿನಾಕಾರಣ ಎಂದರ್ಥ. ಮುಂದಿನ ಸೀಸನ್ನಿನ ಪಟ್ಟಿಯಲ್ಲಿ ನನ್ನ ಹೆಸರು ಇರುವುದು ಅನುಮಾನ ಎಂದೂ ಅವಳೇ ಹೇಳಿದಳು.

ಸೀಸನ್ನಿನ ಕೊನೆಯ ಪಂದ್ಯದಲ್ಲಿ ಬ್ಯಾಟ್ಸ್‌ಮನ್ ಒಬ್ಬ ಓಟಕ್ಕೆ ಹೊರಟ. ಜೊತೆಗಾರ ಚೆಂಡನ್ನೇ ನೋಡುತ್ತ ನಿಂತುಬಿಟ್ಟ. ನನಗೆ ಗಾಜು, ಟಿವಿ ಎಲ್ಲ ಮರೆತುಹೋಯಿತು. ‘ಬ್ಯಾಡೋ! ಹಿಂದ ಓಡೋ ಯಪ್ಪಾ, ಹಿಂದ ಓಡು!’ ಎಂದು ಒದರಿದೆ. ಅಷ್ಟರಲ್ಲಿ ಅವನು ರನೌಟ್.

ದೇಶಕ್ಕೆ ನಾನಾಡಿದ ಎರಡನೇ ಪಂದ್ಯದಲ್ಲಿ ಶಿವಣ್ಣ ಹೀಗೇ ಓಡಿ ಬಂದಿದ್ದ. ಹುಬ್ಬಳ್ಳಿಯವನೇ, ನನಗೆ ಬ್ಯಾಟ್ ಹಿಡಿಯಲು ಕಲಿಸಿದವನು. ಎದುರಾಳಿಗೆ ತಿಳಿಯದಿರಲೆಂದು ನಾವಿಬ್ಬರೂ ಓಟಕ್ಕೆ ಕನ್ನಡದಲ್ಲೇ ಕರೆ ಕೊಡುತ್ತಿದ್ದೆವು. ಚೆಂಡು ಅವನ ಬೆನ್ನ ಹಿಂದಿತ್ತು, ಬೇಡವೆಂದು ಕೂಗಬೇಕಾದವನು ನಾನು. ಹೆದರಿಕೆಗೆ ಬಾಯೇ ಬರಲಿಲ್ಲ. ಅವನು ಔಟಾದ. ಆಮೇಲೆ ಅವನನ್ನು ಯಾರೂ ತಂಡಕ್ಕೆ ಕರೆಯಲಿಲ್ಲ. ಅವನು ಬೈಯಲಿಲ್ಲ, ಇಷ್ಟು ವರ್ಷದಲ್ಲಿ ಆ ಮಾತನ್ನೇ ಎತ್ತಲಿಲ್ಲ.

ಹಾಗೆ ಒದರಿದ್ದಕ್ಕೆ ಕೆಲಸ ಹೋಯಿತೆಂದುಕೊಂಡೆ. ಮರುದಿನ ನೋಡಿದರೆ ನನ್ನ ಒದರಾಟ ಊರೂರಿನ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಪ್ರಜ್ಞಾ ನಗುನಗುತ್ತಾ ಒಪ್ಪಂದ ತಂದಳು. ಷರತ್ತು ಒಂದೇ: ಪ್ರತಿ ಪಂದ್ಯದಲ್ಲೂ ಎರಡು ಸಲ ಹಾಗೇ ಕೂಗಬೇಕು.

“ಪಬ್ಲಿಕ್‌ಗೆ ಅದೇ ಬೇಕು ಸರ್. ರನೌಟ್ ಇಲ್ದಿದ್ರೂ ಚಲೇಗಾ.”

ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಸಹಿ ಹಾಕಿದೆ, ಹೊಟ್ಟೆ ಕೇಳಬೇಕಲ್ಲ. ಸಂಜೆಯವರೆಗೂ ಹುಬ್ಬಳ್ಳಿಯಿಂದ ಫೋನುಗಳು: ನಮ್ಮ ಮಾತು ಟಿವಿಯಲ್ಲಿ ಬಂತು ಎಂದು ಎಲ್ಲರಿಗೂ ಸಂಭ್ರಮ. ಕೊನೆಗೆ ಶಿವಣ್ಣ ಮಾಡಿದ.

“ಕೇಳಿದ್ನಿ. ಛಲೋ ಧ್ವನಿ ಐತಿ ನಿಂದು,” ಎಂದ. ಆಮೇಲೆ ಮೆಲ್ಲಗೆ ಕೇಳಿದ, “ಅವತ್ತ ಯಾಕ ಒದರಲಿಲ್ಲೋ?”

ಸಿಟ್ಟಿನಿಂದ ಕೇಳಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವನು ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದ. ಉತ್ತರಕ್ಕೆ ಕಾದು ಅವನೇ ಫೋನ್ ಇಟ್ಟ.

ಹುಬ್ಬಳ್ಳಿಗೆ ಹೋಗಿ ಅವನ ಮುಖ ನೋಡುವ ಧೈರ್ಯ ಈಗ ನನಗಿಲ್ಲ. ಇಲ್ಲೇ ಇರಬೇಕೆಂದರೆ, ಪಂದ್ಯಕ್ಕೆ ಎರಡು ಸಲ ಅವನಿಗೇ ಹಿಂದಕ್ಕೆ ಓಡೆಂದು ಕೂಗಬೇಕು.